ಪಾಠ ಅದೇ, ಉತ್ತರ ಹೇಳುವ ದಾರಿ ಬೇರೆ

ಕೊಪ್ಪಳ ಜಿಲ್ಲೆಯ ಒಂದು ತಾಲೂಕಿನಲ್ಲಿ ನಾನು ಬಿಐಇಆರ್‌ಟಿ. ಸರ್ಕಾರಿ ಶಾಲೆಗಳಲ್ಲಿರುವ ವಿಶೇಷ ಅಗತ್ಯದ ಮಕ್ಕಳ ಕಲಿಕೆ ನೋಡಿಕೊಳ್ಳುವ ಶಿಕ್ಷಕಿ. ನನಗೆ ಇದೇ ಶಾಲೆ ಅಂತ ಒಂದಿಲ್ಲ. ಇವತ್ತು ಒಂದೂರು, ನಾಳೆ ಇನ್ನೊಂದೂರು. ಶಾಲೆಗೆ ಬರಲಾಗದ ಮಕ್ಕಳ ಮನೆಗೂ ಹೋಗುತ್ತೇನೆ.

ಯಾವ ಶಾಲೆಗೆ ಹೋದರೂ ಮುಖ್ಯ ಶಿಕ್ಷಕರು ಮೊದಲು ಮುಂದಿಡುವುದು ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲತೆ ಎಷ್ಟು ಪರ್ಸೆಂಟ್ ಅಂತ ಬರೆದಿರುವ ಸರ್ಕಾರಿ ಗುರುತಿನ ಚೀಟಿ. "ಮೇಡಂ, ಎಪ್ಪತ್ತೈದು ಪರ್ಸೆಂಟ್ ಐತ್ರಿ. ಇವಗ ಏನಂತ ಪಾಠ ಮಾಡೂದ್ರಿ?" ಆ ಪರ್ಸೆಂಟು ಪಿಂಚಣಿಗೆ, ಬಸ್ ಪಾಸಿಗೆ ಬೇಕು. ಪಾಠಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈ ಹಿಡಿತಕ್ಕೆ ಸಿಗದಿರುವುದು), ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯು ಬರಬರುತ್ತಾ ಸೊರಗುವ ಕಾಯಿಲೆ), ಕುಬ್ಜತೆ ಎಲ್ಲವೂ ಚಲನ ವೈಕಲ್ಯದ ಕೆಳಗೇ ಬರುತ್ತವೆ. ಅದರಲ್ಲಿ ಒಬ್ಬನಿಗೆ ಬಾಯಿಲೆಕ್ಕ ನೀರು ಕುಡಿದಷ್ಟು ಸಲೀಸು. ಇನ್ನೊಬ್ಬನಿಗೆ ಈಗ ಊಟದ ಹೊತ್ತು ಅಂತ ಗೊತ್ತಾಗುವುದೇ ದೊಡ್ಡ ಕಲಿಕೆ. ಕಾರ್ಡಿನಲ್ಲಿ ಇಬ್ಬರೂ ಒಂದೇ ಥರ ಕಾಣಬಹುದು.

ಹಾಗಾಗಿ ಕಾರ್ಡನ್ನು ಪಕ್ಕಕ್ಕಿಟ್ಟು ಮೊದಲು ಎರಡು ವಿಷಯ ನೋಡುತ್ತೇನೆ. ಮಗು ಗಟ್ಟಿಯಾಗಿ ಕೂರುತ್ತಾ? ಹೌದು, ಬೇಡ ಅನ್ನುವುದನ್ನು ಹೇಗೆ ತಿಳಿಸುತ್ತೆ? ಇವೆರಡೂ ಆಗದೆ ಮಗುವಿಗೆ ಏನು ಬರುತ್ತೆ, ಏನು ಬರಲ್ಲ ಅಂತ ಪರೀಕ್ಷೆ ಮಾಡೋದು ಸುಮ್ನೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಹೆಸರು ಬೇಡ. ನಾನು ನೋಡಿದಾಗ ನಾಲ್ಕನೇ ತರಗತಿ. ಸೆರೆಬ್ರಲ್ ಪಾಲ್ಸಿ. ಕೈಕಾಲು ಅವನ ಮಾತು ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಮೂರನೇ ತರಗತಿವರೆಗೆ ಇವನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಾರಣ ನಲಿ-ಕಲಿ. ಅಲ್ಲಿ ಪ್ರತಿ ಮಗುವೂ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುತ್ತೆ, ತನ್ನ ಕಲಿಕೆಯ ಕಾರ್ಡು ತಾನು ತೆಗೆದುಕೊಳ್ಳುತ್ತೆ. ಒಬ್ಬ ಹಿಂದಿದ್ದರೆ ಎದ್ದು ಕಾಣುವುದಿಲ್ಲ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರೂ ಒಂದೇ ಪುಸ್ತಕದ ಒಂದೇ ಪುಟ ತೆರೆಯಬೇಕು. ನಮ್ಮ ಎಷ್ಟೋ ಮಕ್ಕಳು ಶಾಲೆ ಬಿಡುವುದು ಇಲ್ಲೇ. ಅದಕ್ಕೇ ನಾಲ್ಕನೇ ತರಗತಿ ಅಂದರೆ ನನಗೆ ಕಣ್ಣು ಜಾಸ್ತಿ.

ಇವನನ್ನು ಮಾಮೂಲಿ ಬೆಂಚಿನ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಿದ್ದರು. ಕಾಲು ಜೋತಾಡುತ್ತಿತ್ತು, ಮೈ ಜಾರುತ್ತಿತ್ತು. ಬೀಳದ ಹಾಗೆ ನೋಡಿಕೊಳ್ಳುವುದರಲ್ಲೇ ಅವನ ಬುದ್ಧಿಯೆಲ್ಲ ಖರ್ಚಾಗುತ್ತಿತ್ತು. ಅಂಗವಿಕಲರ ಸಾಧನ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೋ, ಅದರ ಬೆಂಗಳೂರು ಘಟಕದ ಕಡೆಯಿಂದ ಶಿಬಿರದಲ್ಲಿ ಸಾಧನ ಸಿಗುತ್ತೆ, ಅಳತೆ ಕೊಟ್ಟು ಕಾಯಬೇಕು. ಕಾಯುತ್ತಾ ಕೂತರೆ ವರ್ಷ ಹೋಗುತ್ತೆ. ನಮ್ಮ ಕಿನ್ನಾಳ ಗೊಂಬೆಗೆ ಹೆಸರಾದ ಊರು, ಮರಗೆಲಸ ಬಲ್ಲವರಿಗೆ ಬರವಿಲ್ಲ. ಆ ಕಡೆಯ ಬಡಗಿಯೊಬ್ಬರಿಗೆ ಮೂಲೆ ಕುರ್ಚಿಯ ಚಿತ್ರ ಬರೆದುಕೊಟ್ಟೆ. ಬೆನ್ನಿಗೆ ಎರಡು ಹಲಗೆ, ಗೋಡೆಯ ಮೂಲೆಯ ಹಾಗೆ ಕೂಡಿರಬೇಕು. ಸೊಂಟ, ಮೊಣಕಾಲು, ಪಾದ ಮೂರೂ ಲಂಬಕೋನದಲ್ಲಿ ಮಡಚಬೇಕು. ಪಾದದ ಕೆಳಗೆ ಮಣೆ. ಮೊಣಕೈ ಎತ್ತರಕ್ಕೆ ಮುಂದೊಂದು ಹಲಗೆ. ಸೊಂಟಕ್ಕೆ ಬೆಲ್ಟು. ಎದೆಗೆ ಮಾತ್ರ ಬಿಗಿಯಬೇಡಿ ಅಂದೆ, ಉಸಿರಿಗೆ ಕಷ್ಟ. ಕುರ್ಚಿ ಬಂದ ಮೇಲೆ ಅವನ ತಲೆ ನಿಂತಿತು. ತಲೆ ನಿಂತ ಮೇಲೆ ಕಣ್ಣೂ ನಿಂತಿತು.

ಹೌದು–ಬೇಡ ಹುಡುಕಲು ಬಿಸಿಯೂಟಕ್ಕಿಂತ ಒಳ್ಳೆ ಜಾಗ ಇಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಊಟದ ಜೊತೆ ಮೊಟ್ಟೆ ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. ಎರಡನ್ನೂ ಅವನ ಮುಂದೆ ದೂರ ದೂರ ಹಿಡಿದೆ. "ಯಾವ್ದು ಬೇಕಪ್ಪ?" ಕಣ್ಣು ಬಾಳೆಹಣ್ಣಿನ ಕಡೆ ಹೋಯಿತು. ಬೇಕಂತಲೇ ಮೊಟ್ಟೆ ಕೊಡಲು ಹೋದೆ. ಮುಖ ತಿರುಗಿಸಿಬಿಟ್ಟ. ಇಷ್ಟು ಸಾಕಲ್ವಾ? ಮೇಲೆ ನೋಡಿದರೆ ಹೌದು, ಮುಖ ತಿರುಗಿಸಿದರೆ ಬೇಡ ಅಂತ ಅವನೂ ನಾವೂ ಒಪ್ಪಂದಕ್ಕೆ ಬಂದೆವು. ಒಂದು ಮಾತು: ಇಂಥ ಮಕ್ಕಳಿಗೆ ನುಂಗುವ ತೊಂದರೆ ಇರುತ್ತೆ. ಬೆಂದ ಮೊಟ್ಟೆಯ ಒಣ ಹಳದಿ ಗಂಟಲಿಗೆ ಸಿಕ್ಕಿಕೊಳ್ಳಬಹುದು. ತಲೆ ಹಿಂದಕ್ಕೆ ವಾಲಿಸಿ ಏನನ್ನೂ ತಿನ್ನಿಸಬಾರದು. ಅಡುಗೆಯಕ್ಕನಿಗೆ ಇದನ್ನು ಮಾಡಿ ತೋರಿಸಿದ್ದೇನೆ.

ಇನ್ನು ಅಕ್ಷರ. ನಮ್ಮ ವರ್ಣಮಾಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಕವರ್ಗ, ಚವರ್ಗ, ಟವರ್ಗ, ತವರ್ಗ, ಪವರ್ಗ. ಐದು ಸಾಲು, ಸಾಲಿಗೆ ಐದಕ್ಷರ. ಮೇಲೆ ಸ್ವರದ ಸಾಲು, ಕೆಳಗೆ ಯ ರ ಲ ವ ಮತ್ತು ಶ ಷ ಸ ಹ ಳ ಎರಡು ಸಾಲು. ಡ್ರಾಯಿಂಗ್ ಶೀಟಿನ ಮೇಲೆ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದೆ. ಪಕ್ಕದ ಹುಡುಗ ಸಾಲಿನ ಮೇಲೆ ಬೆರಳಿಟ್ಟು "ಇದಾ? ಇದಾ?" ಅನ್ನುತ್ತಾ ಹೋಗಬೇಕು. ಇವನು ಮೇಲೆ ನೋಡಿದರೆ ನಿಲ್ಲಬೇಕು. ಆಮೇಲೆ ಆ ಸಾಲಿನ ಅಕ್ಷರಗಳು. ಆಮೇಲೆ ಕಾಗುಣಿತ: ತಲಕಟ್ಟು, ಇಳಿ, ಗುಡಿಸು, ಕೊಂಬು. ಅದು ಎಲ್ಲ ಮಕ್ಕಳಿಗೂ ಬಾಯಿಪಾಠ. ರಾಗವಾಗಿ ಹೇಳುತ್ತಾ ಹೋಗುತ್ತಾರೆ, ಬೇಕಾದಲ್ಲಿ ಇವನು ಕಣ್ಣೆತ್ತುತ್ತಾನೆ. ಒತ್ತಕ್ಷರಕ್ಕೆ ಬೇರೆ ಮನೆ.

ಅವನು ತಾನಾಗಿ ಹೇಳಿದ ಮೊದಲ ಪದದಲ್ಲಿ ಪವರ್ಗದ ಮ, ಗುಡಿಸು ಬಂತು. ಚವರ್ಗದ ಚ, ಮತ್ತೆ ಗುಡಿಸು. ಗೆಳೆಯ ಒಂದು ಕ್ಷಣ ನೋಡಿ "ಮಿರ್ಚಿ!" ಅಂತ ಕೂಗಿದ. ತರಗತಿಯೇ ನಕ್ಕಿತು. ಇವನಂತೂ ಕುರ್ಚಿ ಅಲ್ಲಾಡುವಷ್ಟು ನಕ್ಕ. ಮಾತಿಗೆ ಹೀಗೆ ಊಹೆ ನಡೆಯುತ್ತೆ. ಉಕ್ತಲೇಖನಕ್ಕೆ ನಡೆಯಲ್ಲ. ಅಲ್ಲಿ ಅರ್ಕಾವತ್ತೂ ಅವನೇ ಹೇಳಬೇಕು. ಗೆಳೆಯನಿಗೆ ಈ ವ್ಯತ್ಯಾಸ ಕಲಿಸುವುದೇ ಇವನಿಗೆ ಕಲಿಸುವುದಕ್ಕಿಂತ ಕಷ್ಟವಾಯಿತು.

ಇಂಥ ಮಗುವಿಗೆ ಪಠ್ಯ ಕತ್ತರಿಸಬಾರದು ಅನ್ನುವುದು ನನ್ನ ಹಟ. ಉತ್ತರ ಹೇಳಲು ಹೊತ್ತು ಹಿಡಿಯುತ್ತೆ, ಅದಕ್ಕೆ ಲೆಕ್ಕದ ಸಂಖ್ಯೆ ಕಡಿಮೆ ಮಾಡಿ. ಭಾಗಾಕಾರ ಹತ್ತು ಮಾಡಿದರೂ ಬಂದಿದೆ ಅಂತಲೇ ಗೊತ್ತಾಗೋದು, ಮೂರು ಮಾಡಿದರೂ ಅಷ್ಟೇ. ಆದರೆ ಭಾಗಾಕಾರ ಬಿಟ್ಟು ಚಿತ್ರಕ್ಕೆ ಬಣ್ಣ ತುಂಬಿಸಬೇಡಿ. ಬರೀ ನಾಲ್ಕು ಉತ್ತರ ತೋರಿಸಿ ಆರಿಸು ಅನ್ನುವುದೂ ಬೇಡ, ನಾಲ್ಕರಲ್ಲೊಂದು ಸುಮ್ಮನೆ ನೋಡಿದರೂ ಸರಿಯಾಗುತ್ತೆ. ಅಕ್ಷರದ ಹಾಳೆಯ ಹಾಗೆಯೇ ಅಂಕಿಯ ಹಲಗೆ ಕೊಡಿ, ಉತ್ತರ ಅವನೇ ಕಟ್ಟಲಿ. ಎಫ್‌ಎ, ಎಸ್‌ಎ ಮೌಲ್ಯಮಾಪನದ ಅಂಕ ಹೇಗೆ ಹಾಕೋದು ಅಂತ ಶಿಕ್ಷಕರು ಕೇಳುತ್ತಾರೆ. ಅವನು ಹೇಳಿದ್ದನ್ನು ಬರೆದ ಹಾಳೆಯೇ ಉತ್ತರ ಪತ್ರಿಕೆ. ಯಾರು ಬರೆದರು, ಹೇಗೆ ಹೇಳಿದ ಅಂತ ಮೇಲೆ ಒಂದು ಸಾಲು ಹಾಕಿ ಇಟ್ಟುಕೊಳ್ಳಿ.

ಎಲ್ಲರಿಗೂ ಇದೇ ದಾರಿ ಆಗೋದಿಲ್ಲ. ಇನ್ನೊಂದೂರಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮೈ ಬಿಗಿ, ಕಣ್ಣು ಮಂಜು, ಬುದ್ಧಿ ಬೆಳವಣಿಗೆಯೂ ನಿಧಾನ. ಬಹುವಿಧ ಅಂಗವಿಕಲತೆ. ಅಪ್ಪ ಅಮ್ಮ ಗುಳೆ ಹೋಗುತ್ತಾರೆ, ಬೆಂಗಳೂರಲ್ಲಿ ಕಟ್ಟಡ ಕೆಲಸ. ಮಗು ಅಜ್ಜಿಯ ಹತ್ತಿರ. ಹಾಗಾಗಿ ಅವಳ ಪಠ್ಯ ಅಜ್ಜಿಯ ಕೈಯಲ್ಲಿ ನಡೆಯುವಂಥದ್ದೇ ಆಗಬೇಕು. ಸಿಕಂದರಾಬಾದಿನಲ್ಲಿರುವ ಬೌದ್ಧಿಕ ಅಂಗವಿಕಲರ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿಯ ಎಫ್‌ಎಸಿಪಿ ಪಟ್ಟಿ ನಮ್ಮಲ್ಲಿದೆ. ಸ್ವಂತ ಕೆಲಸ, ಒಡನಾಟ, ಓದು–ಲೆಕ್ಕ, ದುಡಿಮೆ, ಆಟ ಅಂತ ಭಾಗ ಮಾಡಿ ಮಗುವಿಗೆ ಏನು ಬರುತ್ತೆ ಅಂತ ಗುರುತಿಸಲು ಒಳ್ಳೆಯದು. ಅದರಿಂದ ಒಂದೆರಡೇ ಗುರಿ ತೆಗೆದುಕೊಳ್ಳುತ್ತೇನೆ. ಇಪ್ಪತ್ತು ಬರೆದರೆ ಫೈಲು ದಪ್ಪ ಆಗುತ್ತೆ, ಅಷ್ಟೇ.

ಅವಳ ಗುರಿ ಇದು: ಮುಂದೇನು ಅಂತ ಗೊತ್ತಾಗಬೇಕು. ಮೊದಲೆಲ್ಲ ಸ್ನಾನಕ್ಕೆ ಎತ್ತಿದ ಕೂಡಲೇ ಮೈ ಸೆಟೆದು ಚೀರುತ್ತಿದ್ದಳು. ಕಣ್ಣಿಗೆ ಕಾಣದೆ ಯಾರೋ ದಿಢೀರನೆ ಎತ್ತಿದರೆ ಯಾರಾದರೂ ಚೀರುತ್ತಾರೆ. ಈಗ ಅಜ್ಜಿ ಮೊದಲು ತಂಬಿಗೆಯನ್ನು ಅವಳ ಕೈಗೆ ಮುಟ್ಟಿಸುತ್ತಾಳೆ, "ಜಳಕ ಮಾಡೂಣೇನವ್ವ" ಅನ್ನುತ್ತಾಳೆ, ಹತ್ತರವರೆಗೆ ಮನಸ್ಸಿನಲ್ಲೇ ಎಣಿಸುತ್ತಾಳೆ, ಆಮೇಲೆ ಎತ್ತುತ್ತಾಳೆ. ಊಟಕ್ಕೆ ಚಮಚ, ಹೊರಗೆ ಹೋಗಲು ಟವೆಲ್. ದಿನಾ ಅದೇ ವಸ್ತು, ಅದೇ ಮಾತು. ಕೆಲವು ತಿಂಗಳಾದ ಮೇಲೆ ಚಮಚ ಮುಟ್ಟಿದರೆ ಬಾಯಿ ತೆರೆಯತೊಡಗಿದಳು. ಪಕ್ಕದ ಮನೆಯವರು "ಇದೇನ್ ಸಾಲಿ ಕಲಿಯೂದೇನ್ರಿ?" ಅಂದರು. ಅಜ್ಜಿಯೇ ಉತ್ತರ ಕೊಟ್ಟಳು: "ಹೌದಾ, ನಮ್ ಸಾಲಿ ಇದಾ."

ಮನೆಯಲ್ಲೇ ಕಲಿಯುವ ಹಕ್ಕನ್ನು ತೀವ್ರ ಮತ್ತು ಬಹುವಿಧ ಅಂಗವಿಕಲತೆ ಇರುವ ಮಕ್ಕಳಿಗೆ ಕೊಟ್ಟದ್ದು ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ. ಹಕ್ಕು ಮಗುವಿನದು. ಶಾಲೆ ಕೈತೊಳೆದುಕೊಳ್ಳಲು ಬಂದದ್ದಲ್ಲ. ಗಾಲಿಕುರ್ಚಿ ಒಳಗೆ ಬರಲ್ಲ ಅನ್ನುವ ಒಂದೇ ಕಾರಣಕ್ಕೆ ಮಕ್ಕಳನ್ನು ಗೃಹಾಧಾರಿತ ಪಟ್ಟಿಗೆ ಸೇರಿಸಿ ಅಂತ ನನ್ನನ್ನು ಕೇಳಿದವರಿದ್ದಾರೆ. ಇಳಿಜಾರು ಕಟ್ಟಿಸಿ ಅನ್ನುತ್ತೇನೆ. ಈ ಹುಡುಗಿಯ ಹೆಸರೂ ಹತ್ತಿರದ ಶಾಲೆಯ ಹಾಜರಿ ಪುಸ್ತಕದಲ್ಲೇ ಇದೆ, ಆಗಾಗ ಅಜ್ಜಿ ಎತ್ತಿಕೊಂಡು ಪ್ರಾರ್ಥನೆಗೆ ಬರುತ್ತಾಳೆ.

ಮಸ್ಕ್ಯುಲರ್ ಡಿಸ್ಟ್ರೋಫಿ ಇರುವ ಹುಡುಗರದು ಮತ್ತೊಂದು ಥರ. ಅವರಲ್ಲಿ ಹೆಚ್ಚಿನವರಿಗೆ ಪಠ್ಯದಲ್ಲಿ ಏನೂ ಬದಲಿಸಬೇಕಿಲ್ಲ, ಆದರೆ ಮುಂದಿನದನ್ನು ಇವತ್ತೇ ಯೋಚಿಸಬೇಕು. ಡುಶೇನ್ ಬಗೆಯಲ್ಲಿ ಹತ್ತು–ಹನ್ನೆರಡು ವಯಸ್ಸಿನ ಆಸುಪಾಸು ನಡಿಗೆ ನಿಲ್ಲುತ್ತೆ, ಆಮೇಲೆ ಕೈಯೂ ಸೋಲುತ್ತೆ. ಕೈ ಚೆನ್ನಾಗಿರುವಾಗಲೇ ಮೊಬೈಲಿನಲ್ಲಿ ಕನ್ನಡ ಟೈಪಿಂಗ್, ದನಿಯಿಂದ ಬರೆಸುವುದು ಕಲಿಸಿಬಿಡಿ. ಪಿಟಿ ಮೇಷ್ಟ್ರಿಗೂ ಹೇಳಿಡಿ. ಓಡಿಸಿ, ಬಸ್ಕಿ ಹೊಡೆಸಿ ಗಟ್ಟಿ ಮಾಡುತ್ತೇನೆ ಅಂದರೆ ಸ್ನಾಯು ಇನ್ನೂ ಬೇಗ ಹಾಳಾಗುತ್ತೆ.

ಎಸ್‌ಎಸ್‌ಎಲ್‌ಸಿ ವಿಷಯ ಹತ್ತನೇ ತರಗತಿಯಲ್ಲಿ ಯೋಚಿಸಿದರೆ ತಡ. 2016ರ ಕಾಯ್ದೆಯ 17ನೇ ಕಲಮಿನಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಗೆ ವಿನಾಯಿತಿ ಮೂರೂ ಇವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಅಂತಿದೆ. ಭಾಷೆಯ ವಿನಾಯಿತಿಗೆ ನಾನು ಅವಸರ ಮಾಡಲ್ಲ. ಇಂಗ್ಲಿಷ್ ಬಿಡಿಸಿದರೆ ಮುಂದೆ ಕಾಲೇಜು, ಕೆಲಸ ಅಂತ ಹೋದಾಗ ಅದೇ ತೊಡಕು. ಮಗುವನ್ನೂ ಮನೆಯವರನ್ನೂ ಕೂರಿಸಿ ಮಾತಾಡಿ ತೀರ್ಮಾನಿಸಬೇಕು. ಹತ್ತನೇ ತರಗತಿ ಒಂದೇ ಏಟಿಗೆ ಆಗದು ಅನ್ನುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಇದೆ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಬಹುದು.

ಸಹಾಯಕರ ಜೊತೆ ಬರೆಸುವುದು ತಾನಾಗಿ ಬರುವ ವಿದ್ಯೆಯಲ್ಲ. ರೇಖಾಗಣಿತ ನೋಡಿ. "ಒಂದು ವೃತ್ತ ಹಾಕು" ಅಂದರೆ ಆಗಲ್ಲ. "ಓ ಅಂತ ಚುಕ್ಕೆ ಇಡು, ಕೈವಾರ 3 ಸೆಂಟಿಮೀಟರ್ ತೆಗಿ, ಮುಳ್ಳು ಓ ಮೇಲೆ ಇಡು" ಅಂತ ಪ್ರತಿ ಹೆಜ್ಜೆಯನ್ನೂ ಮಗುವೇ ಹೇಳಬೇಕು. ಎಂಟನೇ ತರಗತಿಯಿಂದಲೇ ಶುರು ಮಾಡಬೇಕು ಇದನ್ನು.

ನಮ್ಮ ಮಿರ್ಚಿ ಹುಡುಗ ಈ ಜೂನ್‌ಗೆ ಎಂಟಕ್ಕೆ ಹೋಗುತ್ತಾನೆ, ಬೇರೆ ಶಾಲೆ. ಅಲ್ಲಿನ ಶಿಕ್ಷಕರಿಗೆ ಒಂದು ಪುಟ ಬರೆದುಕೊಟ್ಟಿದ್ದೇನೆ: ಹೇಗೆ ಕೂರಿಸಬೇಕು, ಹೌದು–ಬೇಡ ಹೇಗೆ ಹೇಳುತ್ತಾನೆ, ಅಕ್ಷರದ ಹಾಳೆ, ಅಂಕಿಯ ಹಲಗೆ ಹೇಗೆ ಬಳಸಬೇಕು, ಯಾವ ವಿಷಯದಲ್ಲಿ ಎಲ್ಲಿದ್ದಾನೆ. ಗಣಿತದಲ್ಲಿ ತರಗತಿಯ ಮಟ್ಟಕ್ಕಿದ್ದಾನೆ. ಇಂಗ್ಲಿಷ್ ಹಿಂದಿದೆ. ಜೊತೆಗೆ ಹಳೆ ಗೆಳೆಯನನ್ನೂ ಅದೇ ವಿಭಾಗಕ್ಕೆ ಹಾಕಿ ಅಂತ ಕೇಳಿದ್ದೇನೆ. ಎಂಟನೇ ತರಗತಿ ಮಹಡಿ ಮೇಲಿತ್ತು, ಮುಖ್ಯ ಶಿಕ್ಷಕರು ಕೆಳಗಿನ ಕೋಣೆಗೆ ಬದಲಿಸಲು ಒಪ್ಪಿದ್ದಾರೆ. ಶೌಚಾಲಯದ ಬಾಗಿಲು ಮಾತ್ರ ಅಗಲ ಸಾಲದು, ಒಳಗೆ ಹಿಡಿದುಕೊಳ್ಳಲು ಕಂಬಿಯೂ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಅರ್ಜಿ ಕೊಟ್ಟಿದ್ದೇನೆ. ಶಾಲೆ ಶುರುವಾಗುವುದರೊಳಗೆ ಆಗದಿದ್ದರೆ ಅವನ ಅಮ್ಮ ಮಧ್ಯಾಹ್ನದ ಹೊತ್ತಿಗೆ ಕೂಲಿ ಬಿಟ್ಟು ಬರಬೇಕಾಗುತ್ತೆ.