ಹೋಬಳಿಯ ಮಳೆ ಲೆಕ್ಕದಲ್ಲಿ ಎಲ್ ನಿನೊ ಪತ್ತೆ ಮಾಡುವುದು ಹೇಗೆ?

ಎಲ್ ನಿನೊ (ಪೆಸಿಫಿಕ್ ಸಾಗರದ ನಡು ಮತ್ತು ಪೂರ್ವ ಭಾಗದ ನೀರು ವಾಡಿಕೆಗಿಂತ ಬಿಸಿಯಾಗುವುದು) ಬಂದರೆ ಕಲಬುರಗಿಗೆ ಬರ ಖಚಿತ ಎನ್ನುವವರೂ, ಪೆಸಿಫಿಕ್ ಸಾಗರದ ಬಿಸಿಗೂ ನಮ್ಮ ತೊಗರಿಗೂ ಏನು ಸಂಬಂಧ ಎಂದು ಕೇಳುವವರೂ ಊರಿನ ಮಳೆಯ ಅಂಕಿಗಳನ್ನು ಕೂಡಿಸಿ ನೋಡಿರುವುದು ಕಡಿಮೆ. ನೋಡಿದವರಲ್ಲೂ ಹೆಚ್ಚಿನವರು ಮೂರನೆಯ ಹಂತದಲ್ಲಿ ಎಡವುತ್ತಾರೆ.

ಮೊದಲನೆಯದಾಗಿ, ಒಂದೇ ಮಳೆ ಮಾಪನ ಕೇಂದ್ರದ ಕನಿಷ್ಠ 30 ವರ್ಷಗಳ ತಿಂಗಳವಾರು ಅಂಕಿಗಳನ್ನು ಸಂಗ್ರಹಿಸಿ. ದಾಖಲೆ ಇಲ್ಲದ ತಿಂಗಳಿಗೆ ಸೊನ್ನೆ ಬರೆಯದೆ ಖಾಲಿ ಬಿಡಿ. ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವ ಹಳೆಯ ಮಳೆ ಬಹುಪಾಲು ಅಂದಾಜೇ ಹೊರತು ಅಳತೆಯಲ್ಲ. ಅದನ್ನು ಈ ಕೆಲಸಕ್ಕೆ ಬಳಸಲೇಬೇಡಿ.

ಎರಡನೆಯದಾಗಿ, ಪ್ರತಿ ವರ್ಷದ ಜೂನ್‌–ಸೆಪ್ಟೆಂಬರ್ ಮೊತ್ತದಿಂದ ಸರಾಸರಿಯನ್ನು ಕಳೆದು, ಉಳಿದದ್ದನ್ನು ಮಾನಕ ವಿಚಲನೆಯಿಂದ (ಮಳೆ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಆಗುತ್ತದೆ ಎಂಬ ಅಳತೆಯಿಂದ) ಭಾಗಿಸಿ. ಆಗ ಔರಾದಿನ ಮಳೆಯನ್ನೂ ಸುರಪುರದ ಮಳೆಯನ್ನೂ ಒಂದೇ ಅಳತೆಯಲ್ಲಿ ಹೋಲಿಸಬಹುದು.

ಮೂರನೆಯ ಹಂತವೇ ಸಾಗರದ ಅಂಕಿಯನ್ನು ಮಳೆಯೊಂದಿಗೆ ಜೋಡಿಸುವುದು. ಸಮಭಾಜಕ ವೃತ್ತದ ಎರಡೂ ಬದಿ 5 ಡಿಗ್ರಿ ಅಕ್ಷಾಂಶದವರೆಗೆ, 170ರಿಂದ 120 ಡಿಗ್ರಿ ಪಶ್ಚಿಮ ರೇಖಾಂಶದ ನಡುವೆ ಇರುವ ನಿನೊ 3.4 ವಲಯದ ನೀರು ವಾಡಿಕೆಗಿಂತ ಎಷ್ಟು ಬಿಸಿ ಅಥವಾ ತಂಪಾಗಿದೆ ಎಂಬುದರ ಮೂರು ತಿಂಗಳ ಸರಾಸರಿ ನಮಗೆ ಬೇಕು. ಎಲ್ ನಿನೊ ಸಾಮಾನ್ಯವಾಗಿ ನಮ್ಮ ಮುಂಗಾರಿನ ಹೊತ್ತಿಗೆ ಬೆಳೆಯತೊಡಗಿ, ಡಿಸೆಂಬರ್ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಆದ್ದರಿಂದ 2015-16ರ ಎಲ್ ನಿನೊವನ್ನು, ದೇಶದಾದ್ಯಂತ ಶೇ 14ರಷ್ಟು ಮಳೆ ಕೊರತೆಯಾದ 2015ರ ಮುಂಗಾರಿನ ಎದುರು ಬರೆಯಬೇಕು. 2016ರ ಎದುರು ಬರೆದವರಿಗೆ ಸಂಬಂಧವೇ ತಲೆಕೆಳಗಾಗಿ ಕಾಣುತ್ತದೆ. ತುದಿಯ ಅಂಕಿಯನ್ನು ಬಿಟ್ಟು, ಅದೇ ವರ್ಷದ ಜುಲೈ–ಸೆಪ್ಟೆಂಬರ್ ಸರಾಸರಿಯನ್ನೇ ತೆಗೆದುಕೊಳ್ಳಿ.

ಇಲ್ಲಿಯೇ ಇನ್ನೊಂದು ಎಚ್ಚರಿಕೆ. ಗೆರೆ ನಯವಾಗಿ ಕಾಣಲೆಂದು ಐದು ವರ್ಷಗಳ ಚಲಿಸುವ ಸರಾಸರಿ (ಪ್ರತಿ ವರ್ಷದ ಅಂಕಿಯ ಬದಲು ಅದರ ಆಸುಪಾಸಿನ ಐದು ವರ್ಷಗಳ ಸರಾಸರಿ) ಹಾಕುವ ಅಡ್ಡದಾರಿಯನ್ನು ಹಿಡಿಯಬೇಡಿ. ಎಲ್ ನಿನೊ ಮರಳುವುದೇ 2ರಿಂದ 7 ವರ್ಷಗಳಿಗೊಮ್ಮೆ. ಆ ಸರಾಸರಿ ನಾವು ಹುಡುಕುತ್ತಿರುವ ಏರಿಳಿತವನ್ನೇ ಬಹುಮಟ್ಟಿಗೆ ಅಳಿಸುತ್ತದೆ, ಜೊತೆಗೆ ಯಾವ ಕ್ರಮವೂ ಇಲ್ಲದ ಅಂಕಿಗಳಲ್ಲಿ ಕೂಡ ಅಲೆಗಳಿರುವಂತೆ ತೋರಿಸುತ್ತದೆ.

ನಂತರ ಅಡ್ಡಗೆರೆಯಲ್ಲಿ ಸಾಗರದ ಬಿಸಿ, ಲಂಬಗೆರೆಯಲ್ಲಿ ಮಳೆ ಇಟ್ಟು ವರ್ಷಕ್ಕೊಂದು ಚುಕ್ಕೆ ಹಾಕಿ. ಹಿಂದೂ ಮಹಾಸಾಗರದ ದ್ವಿಧ್ರುವ ಧನಾತ್ಮಕವಾಗಿದ್ದ, ಅಂದರೆ ಆ ಸಾಗರದ ಪಶ್ಚಿಮ ಭಾಗ ಪೂರ್ವ ಭಾಗಕ್ಕೆ ಹೋಲಿಸಿದರೆ ವಾಡಿಕೆಗಿಂತ ಹೆಚ್ಚು ಬಿಸಿಯಾಗಿದ್ದ ವರ್ಷಗಳಿಗೆ ಬೇರೆ ಬಣ್ಣ ಕೊಡಿ; ಅದು ಮುಂಗಾರಿಗೆ ನೆರವಾಗುವುದುಂಟು. 1997ರಲ್ಲಿ ಎಲ್ ನಿನೊ ಪ್ರಬಲವಾಗಿದ್ದರೂ ದೇಶದ ಮುಂಗಾರು ಸರಾಸರಿಗಿಂತ ತುಸು ಹೆಚ್ಚೇ ಸುರಿಯಿತು, ಆ ವರ್ಷ ದ್ವಿಧ್ರುವವೂ ಧನಾತ್ಮಕವಾಗಿತ್ತು. 2002ರಲ್ಲಿ ಅಷ್ಟು ಪ್ರಬಲವಲ್ಲದ ಎಲ್ ನಿನೊ ಇದ್ದಾಗಲೂ ಶೇ 19ರಷ್ಟು ಕೊರತೆಯಾಯಿತು. ಕೊನೆಗೆ ಸೆಪ್ಟೆಂಬರ್ ಒಂದಕ್ಕೇ ಇಂಥದ್ದೇ ಪ್ರತ್ಯೇಕ ಚುಕ್ಕೆನಕ್ಷೆ ಬರೆಯಿರಿ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಆ ತಿಂಗಳು ಬೀದರ್‌ವರೆಗೆ ಬಂದರೆ, ಕೆಲವೇ ದಿನಗಳ ಮಳೆ ಇಡೀ ಹಂಗಾಮಿನ ಕೊರತೆಯನ್ನು ಲೆಕ್ಕದಲ್ಲಿ ಮುಚ್ಚಿಬಿಡಬಹುದು.