ಬೀಸುವ ಪದದಲ್ಲಿ ಒಂದು ದನಿ ಖಾಲಿ ಬಿಡುವುದು ಹೇಗೆ?

ಬೀಸುವ ಪದಕ್ಕೆ ಇಬ್ಬರಿದ್ದರೇ ಚೆಂದ. ಎದುರುಬದುರು ಕೂತು ಬೀಸುಕಲ್ಲಿನ ಒಂದೇ ಗೂಟ ಹಿಡಿದು, ಒಬ್ಬರು ಹಾಡಿದ್ದನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ನಮ್ಮ ಅತ್ತೆಯ ಜೋಡಿ ಅವರ ಓರಗಿತ್ತಿ. ಆ ಓರಗಿತ್ತಿ ತೀರಿಕೊಂಡು ತುಂಬಾ ವರ್ಷವಾಯಿತು. ಇರುವವರ ದನಿ, ಇಲ್ಲದವರ ಜಾಗ, ಇಷ್ಟರಲ್ಲೇ ಒಂದು ಸೌಂಡ್ ಇನ್‌ಸ್ಟಲೇಶನ್, ಅಂದರೆ ಒಂದು ಜಾಗದಲ್ಲಿ ಸದ್ದಿನಿಂದ ಕಟ್ಟುವ ಕಲಾಕೃತಿ, ಮಾಡಬಹುದು.

ಹೀಗೆ ಜಾಗ ಖಾಲಿ ಬಿಡುವುದನ್ನು ನಾನು ಕಲಿತದ್ದು ಸ್ಕಾಟ್ಲೆಂಡಿನ ಕಲಾವಿದೆ ಸೂಸನ್ ಫಿಲಿಪ್ಸ್ ಅವರಿಂದ. ಯಹೂದಿ ಸಂಗೀತ ರಚನಕಾರ ಪಾವೆಲ್ ಹಾಸ್ 1943ರಲ್ಲಿ ತೆರೆಜಿನ್ ನಾಜಿ ಶಿಬಿರದಲ್ಲಿದ್ದಾಗ ತಂತಿವಾದ್ಯಗಳಿಗೆ ಒಂದು ಕೃತಿ ಬರೆದಿದ್ದರು. ಮರುವರ್ಷ ಅವರನ್ನು ಆಶ್ವಿಟ್ಸ್‌ನಲ್ಲಿ ಕೊಂದರು. ಫಿಲಿಪ್ಸ್ 2012ರಲ್ಲಿ ಅದೇ ಕೃತಿಯನ್ನು ಜರ್ಮನಿಯ ಕಾಸೆಲ್ ರೈಲು ನಿಲ್ದಾಣದಲ್ಲಿ ಕೇಳಿಸಿದರು. ಯಹೂದಿಗಳನ್ನು ಶಿಬಿರಗಳಿಗೆ ಸಾಗಿಸಿದ ನಿಲ್ದಾಣ ಅದು. ನುಡಿದದ್ದು ವಿಯೋಲಾ ಮತ್ತು ಚೆಲ್ಲೊ ಮಾತ್ರ. ಬೇರೆ ವಾದ್ಯಗಳ ಪಾಲು ಬಂದಾಗ ಏನೂ ಇಲ್ಲ.

ಮೊದಲು ರೆಕಾರ್ಡಿಂಗ್. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ "ಹಾಡಿ" ಅನ್ನಬೇಡಿ. ಜೊತೆಯವರ ಖಾಲಿ ಸಾಲನ್ನು ಹಾರಿಸಿಬಿಡುತ್ತಾರೆ, ಇಲ್ಲವೇ ತಾವೇ ಹಾಡಿ ತುಂಬುತ್ತಾರೆ. ಬೀಸುಕಲ್ಲಿನ ಮುಂದೆ ಕೂರಿಸಿ, ಒಂದು ಹಿಡಿ ಜೋಳ ಹಾಕಿಸಿ. ಕೈ ತಿರುಗುತ್ತಿದ್ದರೆ ಜೊತೆಯವರ ಸಾಲಿನಷ್ಟು ಹೊತ್ತು ಬಾಯಿ ತಾನಾಗಿ ಸುಮ್ಮನಿರುತ್ತದೆ. ನಮ್ಮತ್ತೆ ಆ ಹೊತ್ತಿನಲ್ಲಿ ಎಡಗೈಯಿಂದ ಅಂಚಿನ ಹಿಟ್ಟು ಸರಿಸುತ್ತಿದ್ದರು. ಆ ಸಣ್ಣ ಸರಸರ ಸದ್ದೂ ಬೇಕು. ಫೋನಿನಲ್ಲಿ ನಾಯ್ಸ್ ರಿಡಕ್ಷನ್ ಇದ್ದರೆ ಆಫ್ ಮಾಡಿ. ಅದು ಕಲ್ಲಿನ ಸದ್ದನ್ನು ಗಲಾಟೆ ಅಂದುಕೊಂಡು ಒರೆಸಿಹಾಕುತ್ತದೆ.

ಎಡಿಟ್ ಮಾಡುವಾಗ ಕೈ ತುರಿಸುತ್ತದೆ. ಖಾಲಿ ಜಾಗ ಉದ್ದವಾಯ್ತು, ಸ್ವಲ್ಪ ಕತ್ತರಿಸೋಣ ಅನ್ನಿಸುತ್ತದೆ. ಮುಟ್ಟಬೇಡಿ. ಕೇಳುವವರಿಗೆ ಹೊತ್ತು ಹಿಗ್ಗುವುದೇ ಅಲ್ಲಿ. ಜರ್ಮನಿಯ ಹಾಲ್ಬರ್‌ಸ್ಟಾಟ್ ಚರ್ಚಿನಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರ ಆರ್ಗನ್ ಕೃತಿಯನ್ನು ಎಷ್ಟು ನಿಧಾನವಾಗಿ ನುಡಿಸುತ್ತಿದ್ದಾರೆಂದರೆ, ಅದು 2640ರ ತನಕ ನಡೆಯಬೇಕು. 2001ರಲ್ಲಿ ಅದು ಶುರುವಾದದ್ದೇ 17 ತಿಂಗಳ ಮೌನದಿಂದ. ನಮ್ಮದು ಕೆಲವೇ ಸೆಕೆಂಡು, ಅಷ್ಟಕ್ಕೇ ಚಡಪಡಿಸಿದರೆ ಹೇಗೆ? ತಂಬೂರಿ, ಕೊಳಲು ಸೇರಿಸುವ ಆಸೆಯನ್ನೂ ಬಿಡಿ.

ಕೋಣೆಯ ನಡುವೆ ಬೀಸುಕಲ್ಲು ಇಡಿ. ಒಂದು ಕಡೆ, ಕೂತವರ ಬಾಯಿಯ ಎತ್ತರಕ್ಕೆ ಒಂದು ಸ್ಪೀಕರ್. ಎದುರಿಗೆ ಬರೀ ಚಾಪೆ. ಬಂದವರು ಅಲ್ಲೇ ಕೂರಲಿ. ವಾಲ್ಯೂಮ್ ಎದುರಿಗೆ ಕೂತವರು ಹಾಡಿದಷ್ಟಿದ್ದರೆ ಸಾಕು. ವೈರಿನ ಸ್ಪೀಕರ್ರೇ ಒಳ್ಳೆಯದು. ಎಷ್ಟೋ ಬ್ಲೂಟೂತ್ ಸ್ಪೀಕರ್‌ಗಳು ಸದ್ದು ಕಡಿಮೆಯಾದರೆ ನಿದ್ದೆಗೆ ಜಾರುತ್ತವೆ, ಮುಂದಿನ ಸಾಲಿನ ಮೊದಲ ಪದ ನುಂಗುತ್ತವೆ. ಎಂಪಿ3 ಫೈಲ್ ಮುಗಿದು ಮತ್ತೆ ಮೊದಲಿನಿಂದ ಲೂಪಿನಲ್ಲಿ ತಿರುಗುವಾಗ ಚೂರು ತಡವರಿಸಬಹುದು, ವೇವ್ (WAV) ಫೈಲ್ ಹಾಕಿ.

ವಯಸ್ಸಾದ ಹೆಂಗಸರು ಯಾರಾದರೂ ಬಂದರೆ ಖಾಲಿ ಸಾಲನ್ನು ತಾವೇ ಹಾಡಿಬಿಡಬಹುದು. ಹಾಡಲಿ. ಅವರ ಒಪ್ಪಿಗೆ ಕೇಳದೆ ಅದನ್ನು ರೆಕಾರ್ಡ್ ಮಾತ್ರ ಮಾಡಬೇಡಿ. ಮುಗಿದ ಮೇಲೆ ಒಂದು ಕಾಪಿಯನ್ನು ಪೆನ್ ಡ್ರೈವಿಗೆ ಹಾಕಿ ಹಾಡಿದವರ ಮನೆಗೆ ಕೊಡಿ, ಕತ್ತರಿಸದ ಪೂರ್ತಿ ರೆಕಾರ್ಡಿಂಗನ್ನೇ.