ಸ್ಪಿತಿಗೆ ಹೊರಟಿದ್ದೀರಾ? ಎಂಜಿನ್ ಹೀಟರ್ ಹೀಗೆ ಆರಿಸಿ

ಪುಣೆಯಲ್ಲೇ ಗಾಡಿ ಓಡಿಸುವವರಿಗೆ ಬ್ಲಾಕ್ ಹೀಟರ್, ಅಂದರೆ ಸ್ಟಾರ್ಟ್ ಮಾಡುವ ಮುಂಚೆ ಎಂಜಿನ್ ಬಿಸಿ ಮಾಡುವ ಹೀಟರ್, ಬೇಕಿಲ್ಲ. ಡಿಸೆಂಬರ್ ಬೆಳಿಗ್ಗೆ ಇಲ್ಲಿ 8–10 ಡಿಗ್ರಿ ಇದ್ದಾಗ ಡೀಸೆಲ್ ಗಾಡಿ ಸ್ಟಾರ್ಟ್ ಆಗಲು ತಕರಾರು ಮಾಡಿದರೆ, ಬ್ಯಾಟರಿ ಮತ್ತು ಗ್ಲೋ ಪ್ಲಗ್ (ಸ್ಟಾರ್ಟ್ ಆಗಲು ಎಂಜಿನ್ ಒಳಗೆ ಬಿಸಿ ಕೊಡುವ ಪ್ಲಗ್) ನೋಡಿಸಿ. ಆದರೆ ಚಳಿಗಾಲದಲ್ಲಿ ಸ್ವಂತ ಗಾಡಿಯಲ್ಲಿ ಹಿಮಾಲಯದ ಸ್ಪಿತಿಗೋ ಲಡಾಖ್‌ಗೋ ಹೊರಟರೆ ವಿಷಯವೇ ಬೇರೆ. ಅಲ್ಲಿ ರಾತ್ರಿ ಮೈನಸ್ 20ಕ್ಕೂ ಇಳಿಯುತ್ತದೆ. ಆಯಿಲ್ ಮಂದವಾಗಿ ಎಂಜಿನ್ ತಿರುಗುವುದೇ ಕಷ್ಟ, ಬ್ಯಾಟರಿಗೂ ಶಕ್ತಿ ಇರುವುದಿಲ್ಲ.

ಮೊದಲು ಉಳಿಯುವ ಹೋಮ್‌ಸ್ಟೇಗೆ ಫೋನ್ ಮಾಡಿ. ಗಾಡಿ ನಿಲ್ಲಿಸುವ ಜಾಗದ ಹತ್ತಿರ ಅರ್ತಿಂಗ್ ಇರುವ ಪ್ಲಗ್ ಇದೆಯಾ, ಬೆಳಗಿನ ಜಾವ ಕರೆಂಟ್ ಇರುತ್ತದಾ ಎಂದು ಕೇಳಿ. ಇಲ್ಲವೆಂದರೆ ಕರೆಂಟಿನ ಹೀಟರ್ ಸುಮ್ನೆ ಭಾರ. ಆಗ ಉಳಿಯುವುದು ಡೀಸೆಲ್ ಸುಟ್ಟು ಕೂಲಂಟ್ (ಎಂಜಿನ್‌ನಲ್ಲಿ ಹರಿದಾಡುವ ತಂಪು ದ್ರವ) ಕಾಯಿಸುವ ಹೀಟರ್, ಅದಕ್ಕೆ ದುಡ್ಡು ಜಾಸ್ತಿ, ಅದರ ಹೊಗೆ ವಿಷ, ಮುಚ್ಚಿದ ಶೆಡ್‌ನಲ್ಲಿ ಹಚ್ಚಲೇಬೇಡಿ.

ಕರೆಂಟ್ ಇದೆ ಅಂದರೆ, ಕೊಳ್ಳುವಾಗ ವೋಲ್ಟೇಜ್ ಓದಿ. ಆನ್‌ಲೈನ್‌ನಲ್ಲಿ ಸಿಗುವ ಅಮೆರಿಕದ ಹೀಟರ್‌ಗಳು 120 ವೋಲ್ಟ್‌ನವು. ನಮ್ಮ 230 ವೋಲ್ಟ್‌ಗೆ ಹಾಕಿದರೆ ಸುಮಾರು ನಾಲ್ಕು ಪಟ್ಟು ಪವರ್ ಎಳೆದು ಸುಟ್ಟುಹೋಗುತ್ತವೆ, ಬೆಂಕಿಯೂ ಹತ್ತಬಹುದು. ಅಗ್ಗಕ್ಕೆ ಸಿಕ್ಕಿತು ಅಂತ ತಗೋಬೇಡಿ.

ಆಮೇಲೆ ಹೀಟರ್‌ನ ಬಗೆ ನೋಡಿ. ಎಂಜಿನ್ ಬ್ಲಾಕ್‌ನ ತೂತು ಮುಚ್ಚಿರುವ ಕೋರ್ ಪ್ಲಗ್ ಎಂಬ ಬಿಲ್ಲೆ ತೆಗೆದು ಅದೇ ತೂತಿಗೆ ಕೂರಿಸುವ ಹೀಟರ್ ಒಳ್ಳೆಯದು, ಬಕೆಟ್ ನೀರು ಕಾಯಿಸುವ ರಾಡ್‌ನ ಹಾಗೆ ನೇರವಾಗಿ ಕೂಲಂಟ್ ಬಿಸಿ ಮಾಡುತ್ತದೆ. ತೂತಿನ ಅಳತೆ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಹಾಗಾಗಿ ಪುಣೆಯ ನಾನಾ ಪೇಟ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗುವಾಗ ಎಂಜಿನ್ ಮಾಡೆಲ್ ಬರೆದುಕೊಂಡು ಹೋಗಿ. ಅದು ಹೊಂದದಿದ್ದರೆ ಎಂಜಿನ್ ಅಡಿಯ ಆಯಿಲ್ ಸಂಪ್‌ಗೆ (ಆಯಿಲ್ ನಿಲ್ಲುವ ತಟ್ಟೆಗೆ) ಅಂಟಿಸುವ ಸಿಲಿಕೋನ್ ಪ್ಯಾಡ್ ನೋಡಿ. ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಜಾಗದಲ್ಲಿ ಇಳಿಸುವ ಹೀಟರ್ ಆ ಚಳಿಗೆ ಸಾಲದು. ಕಾರಿಗೆ 400ರಿಂದ 1000 ವಾಟ್ ಸಾಕು. 1000 ವಾಟ್ ಅಂದರೆ ನಾಲ್ಕೂವರೆ ಆಂಪಿಯರ್‌ಗಿಂತ ಕಡಿಮೆ, ಮಾಮೂಲಿ 6 ಆಂಪಿಯರ್ ಪ್ಲಗ್‌ನಲ್ಲೇ ನಡೆಯುತ್ತದೆ. ಆದರೆ ಎಕ್ಸ್‌ಟೆನ್ಷನ್ ವೈರ್ ದಪ್ಪದ್ದು, ಮೂರು ಪಿನ್ನಿನದು ಇರಲಿ.

ಕೂರಿಸುವ ಕೆಲಸ ಮೆಕ್ಯಾನಿಕ್‌ಗೇ ಬಿಡಿ, ಗಾಡಿ ವಾರಂಟಿಯಲ್ಲಿದ್ದರೆ ಮೊದಲು ಸರ್ವಿಸ್ ಸೆಂಟರ್‌ನಲ್ಲಿ ಕೇಳಿ. ಕೂಲಂಟ್ ತುಂಬಿ ಗಾಳಿ ತೆಗೆಯದೆ ಸ್ವಿಚ್ ಹಾಕಿದರೆ ಹೀಟರ್‌ನ ಕಾಯಿಲ್ ಸುಟ್ಟುಹೋಗುತ್ತದೆ. ಇದೇ ಸಲ ಕೂಲಂಟ್ ಅರ್ಧಕ್ಕರ್ಧ ಗ್ಲೈಕಾಲ್ ಇರುವಂತೆ ಮಾಡಿಸಿ, ಅದು ಸುಮಾರು ಮೈನಸ್ 37ರವರೆಗೂ ಹೆಪ್ಪುಗಟ್ಟುವುದಿಲ್ಲ.

ರಾತ್ರಿಯಿಡೀ ಹೀಟರ್ ಉರಿಸಬೇಕಿಲ್ಲ. ಹೊರಡುವ ಎರಡು–ಮೂರು ಗಂಟೆ ಮುಂಚೆ ಟೈಮರ್ ಇಡಿ. ಟ್ಯಾಂಕಿನ ಡೀಸೆಲ್ ಮಾತ್ರ ಇದರಿಂದ ಬಿಸಿಯಾಗದು, ಚಳಿಗೆ ಅದರಲ್ಲಿನ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖ್‌ಗೆಂದು ಮೈನಸ್ 33ರಲ್ಲೂ ಹರಿಯುವ ಡೀಸೆಲ್ ತಂದಿದೆ. ಪುಣೆಯಲ್ಲಿ ತುಂಬಿಸಿದ ಡೀಸೆಲ್ ದಾರಿಯಲ್ಲೇ ಖಾಲಿ ಮಾಡಿ, ಮೇಲೆ ಹೋದಾಗ ಚಳಿಗಾಲದ ಡೀಸೆಲ್ ಸಿಗುವ ಬಂಕ್ ಕೇಳಿಕೊಂಡು ಹಾಕಿಸಿ.